ಟರ್ಬೋ ಕಾರಿಗೆ ಮನೆಯಲ್ಲೇ ಪಾರ್ಟ್ಸ್: ಯಾವುದಕ್ಕೆ ಕೈ ಹಾಕಬಹುದು, ಯಾವುದನ್ನು ಬಿಡಬೇಕು

ಟರ್ಬೋ ಕಾರಿನ ಪಿಕಪ್ ಜಾಸ್ತಿ ಮಾಡಲು ಏನು ಹಾಕಬೇಕು ಅಂತ ಕೇಳಿ ನೋಡಿ. ಎಲ್ಲರೂ ಹಾರ್ಸ್‌ಪವರ್ ಲೆಕ್ಕದಲ್ಲೇ ಉತ್ತರ ಕೊಡುತ್ತಾರೆ. ಪಾರ್ಟಿನ ಡಬ್ಬದ ಮೇಲೂ ಅದೇ ದೊಡ್ಡಕ್ಷರದಲ್ಲಿರುತ್ತದೆ. ಆದರೆ ಮನೆಯಲ್ಲಿ ಸ್ವಂತ ಕೈಯಿಂದ ಕೆಲಸ ಮಾಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನಾನು ಇದನ್ನು ತಪ್ಪಾಗಿ ಜೋಡಿಸಿದರೆ, ಕಾರು ನನಗೆ ಹೇಳುತ್ತದಾ?

ಕೆಲವು ತಪ್ಪುಗಳು ಕೂಗಿ ಹೇಳುತ್ತವೆ. ಟರ್ಬೋ ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿನ ಪೈಪು ಸರಿಯಾಗಿ ಕೂರದಿದ್ದರೆ, ಜೋರಾಗಿ ಎಕ್ಸಲರೇಟರ್ ಒತ್ತಿದ ಕೂಡಲೇ ಕಳಚಿಕೊಂಡು ಬುಸ್ಸೆನ್ನುತ್ತದೆ. ಪವರ್ ಬಿದ್ದುಹೋಗುತ್ತದೆ, ಎಂಜಿನ್ ಲೈಟ್ ಉರಿಯುತ್ತದೆ. ಬದಿಗೆ ನಿಲ್ಲಿಸಿ ಮತ್ತೆ ಕೂರಿಸಿ ಬಿಗಿ ಮಾಡಿದರೆ ಮುಗಿಯಿತು. ಇನ್ನು ಕೆಲವು ತಪ್ಪುಗಳು ಬಾಯಿ ಬಿಡುವುದೇ ಇಲ್ಲ. ಕಿಡಿ ಅತಿ ಬೇಗ ಹಾರುವ ಹಾಗೆ ಇಗ್ನಿಷನ್ ಟೈಮಿಂಗ್ ಮುಂದಿಟ್ಟ ಟ್ಯೂನ್ (ಎಂಜಿನ್ ಕಂಪ್ಯೂಟರಿನ ಬದಲಿಸಿದ ಸೆಟ್ಟಿಂಗ್) ಹಾಕಿದ ಕಾರು ತಿಂಗಳುಗಟ್ಟಲೆ ಚೆನ್ನಾಗಿಯೇ ಓಡುತ್ತದೆ. ಮೊದಲಿಗಿಂತ ಚೆನ್ನಾಗಿ ಓಡುತ್ತದೆ. ಆಮೇಲೆ ಒಂದು ದಿನ ಪಿಸ್ಟನ್ ಒಡೆಯುತ್ತದೆ.

ಮನೆಯ ಕೆಲಸಕ್ಕೆ ಪಾರ್ಟ್ ಆರಿಸಲು ನನ್ನ ಅಳತೆಗೋಲು ಇದೇ. ಕೂಗುವ ತಪ್ಪಿನ ಪಾರ್ಟುಗಳನ್ನು ಧೈರ್ಯವಾಗಿ ನೀವೇ ಹಾಕಿ. ಸುಮ್ಮನಿರುವ ತಪ್ಪಿನ ಪಾರ್ಟುಗಳನ್ನು ಅಳೆದು ನೋಡುವ ಸಲಕರಣೆ ಇದ್ದರೆ ಮಾತ್ರ ಮುಟ್ಟಿ. ಇಲ್ಲವೇ ಅಂಥ ಸಲಕರಣೆ ಇರುವವರಿಗೆ ಬಿಡಿ. ಇಲ್ಲಿ ಹೇಳುವುದು ಹೆಚ್ಚಾಗಿ ಪೆಟ್ರೋಲ್ ಟರ್ಬೋ ಬಗ್ಗೆ. ಡೀಸೆಲ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಪೆಟ್ರೋಲ್ ಎಂಜಿನ್ನಿನ ನಾಕಿಂಗ್ ಕಾಟವೂ ಅಲ್ಲಿಲ್ಲ. ಆದರೆ ಇಂಟರ್‌ಕೂಲರ್, ಪೈಪು, ಕ್ಲಚ್ಚಿನ ಮಾತು ಅದಕ್ಕೂ ಹೊಂದುತ್ತದೆ.

## ಮೊದಲು ಬಿಸಿಯ ಲೆಕ್ಕ

ಹೊಗೆಯ ಬಲದಿಂದ ಟರ್ಬೈನ್ ತಿರುಗಿಸಿ, ಕಂಪ್ರೆಸರಿನಿಂದ ಎಂಜಿನ್ನಿಗೆ ಗಾಳಿ ಒತ್ತುವುದು ಟರ್ಬೋ ಕೆಲಸ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಹೊರಗೆ 25 ಡಿಗ್ರಿ ಇದೆ, ಟರ್ಬೋ 1 ಬಾರ್ ಬೂಸ್ಟ್ ಕೊಡುತ್ತಿದೆ ಅಂತಿಟ್ಟುಕೊಳ್ಳಿ. ಅಂದರೆ ಒತ್ತಡ ವಾತಾವರಣದ ಎರಡರಷ್ಟಾಯಿತು. ಕಂಪ್ರೆಸರಿನ ದಕ್ಷತೆ 70 ಶೇಕಡಾ ಇದ್ದರೆ ಹೊರಬರುವ ಗಾಳಿ ಸುಮಾರು 118 ಡಿಗ್ರಿ ಇರುತ್ತದೆ. ಸಿಲಿಂಡರಿಗೆ ಅಷ್ಟು ಬಿಸಿ ಗಾಳಿ ಹೋದರೆ ಪೆಟ್ರೋಲು ತನ್ನ ಹೊತ್ತಿಗೆ ಮುಂಚೆಯೇ ಸಿಡಿಯುತ್ತದೆ. ನಾಕಿಂಗ್ ಅಂದರೆ ಅದೇ. ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ನಾಕ್ ಸೆನ್ಸರಿನಿಂದ ಅದನ್ನು ಕೇಳಿಸಿಕೊಂಡು ಟೈಮಿಂಗ್ ಹಿಂದೆ ಎಳೆಯುತ್ತದೆ, ಅಂದರೆ ಕಿಡಿಯನ್ನು ತಡ ಮಾಡುತ್ತದೆ. ಪವರ್ ಇಳಿಯುತ್ತದೆ.

ಇನ್ನೊಂದು ವಿಷಯ ಗೊತ್ತಿದ್ದರೆ ಅರ್ಧ ಹಣ ಉಳಿಯುತ್ತದೆ. ಈಗಿನ ಟರ್ಬೋ ಕಾರುಗಳಲ್ಲಿ ಎಷ್ಟು ಟಾರ್ಕ್ ಬೇಕು, ಎಷ್ಟು ಬೂಸ್ಟ್ ಬೇಕು ಅನ್ನುವುದನ್ನು ಇಸಿಯು ಮೊದಲೇ ತೀರ್ಮಾನಿಸಿರುತ್ತದೆ. ಸ್ವಲ್ಪ ಹೊಗೆಯನ್ನು ಟರ್ಬೈನಿಗೆ ಕೊಡದೆ ಪಕ್ಕದಿಂದ ಬಿಡುವ ಬಾಗಿಲನ್ನು, ಅಂದರೆ ವೇಸ್ಟ್‌ಗೇಟನ್ನು, ತೆರೆದು ಮುಚ್ಚಿ ಆ ಗುರಿಗೆ ತಂದು ನಿಲ್ಲಿಸುತ್ತದೆ. ನೀವು ಗಾಳಿಯ ದಾರಿ ಸಲೀಸು ಮಾಡಿದರೆ ಟರ್ಬೋಗೆ ಕೆಲಸ ಹಗುರಾಗುತ್ತದೆ, ಗುರಿ ಮಾತ್ರ ಬದಲಾಗುವುದಿಲ್ಲ. ಟರ್ಬೋ ಇಲ್ಲದ ಕಾರಿನವರ ಮಾತು ಕೇಳಿಕೊಂಡು ಫಿಲ್ಟರ್, ಸೈಲೆನ್ಸರ್ ಹಾಕಿಸಿ "ಏನೂ ಗೊತ್ತಾಗ್ತಿಲ್ವಲ್ಲ" ಅನ್ನುವವರು ಇದಕ್ಕೇ ಸಿಗುತ್ತಾರೆ.

## ಏರ್ ಫಿಲ್ಟರ್: ಡಬ್ಬದೊಳಗಿನದೋ, ಹೊರಗಿನ ಕೋನೋ?

ಕಂಪನಿಯ ಡಬ್ಬದಲ್ಲೇ ಕೂರುವ ಪ್ಯಾನೆಲ್ ಫಿಲ್ಟರ್ ಸುಲಭ. ಹೆಚ್ಚೆಂದರೆ ಒಂದು ಸ್ಕ್ರೂಡ್ರೈವರ್ ಸಾಕು. ಲಾಭ ಕಡಿಮೆ, ಅಪಾಯವೂ ಕಡಿಮೆ. ಎಣ್ಣೆ ಹಚ್ಚುವ ಹತ್ತಿ ಫಿಲ್ಟರಾದರೆ ತೊಳೆದ ಮೇಲೆ ಎಣ್ಣೆ ಜಾಸ್ತಿ ಸುರಿಯಬೇಡಿ. ಅದು ಹಾರಿಹೋಗಿ ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಅಂಟಿಕೊಳ್ಳುತ್ತದೆ. ಒಣ ಫಿಲ್ಟರಿಗೆ ಈ ತಾಪತ್ರಯ ಇಲ್ಲ.

ಡಬ್ಬವನ್ನೇ ಕಿತ್ತು ಕೋನ್ ಫಿಲ್ಟರ್ ಹಾಕುವುದು ನೋಡಲು ಅಷ್ಟೇ ಸುಲಭ. ಟರ್ಬೋ ಗಾಳಿ ಎಳೆಯುವ ಸದ್ದು ಚೆನ್ನಾಗಿ ಕೇಳಿಸುತ್ತದೆ, ಆ ಖುಷಿ ಬೇಡ ಅನ್ನಲಾರೆ. ಆದರೆ ಮರೆ ಇಲ್ಲದ ಕೋನು ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಅದಕ್ಕಿಂತ ದೊಡ್ಡ ವಿಷಯ ಗಾಳಿ ಅಳೆಯುವ ಆ ಸೆನ್ಸರ್, ಅಂದರೆ ಮ್ಯಾಫ್ ಸೆನ್ಸರ್, ಕೂರುವ ಪೈಪಿನದು. ಕಂಪನಿ ಪೈಪು 70 ಮಿಲಿಮೀಟರ್, ನೀವು ಹಾಕಿದ್ದು 77 ಅಂತಿಟ್ಟುಕೊಳ್ಳಿ. ಕೇವಲ 7 ಮಿಲಿಮೀಟರ್ ಅಲ್ವಾ ಅನಿಸುತ್ತದೆ. ಆದರೆ ಪೈಪಿನ ಒಳ ವಿಸ್ತಾರ 21 ಶೇಕಡಾ ಏರಿತು. ಅಷ್ಟೇ ಗಾಳಿ ಈಗ ನಿಧಾನ ಹರಿಯುತ್ತದೆ, ಸೆನ್ಸರು ಸುಮಾರು 17 ಶೇಕಡಾ ಕಡಿಮೆ ಓದುತ್ತದೆ. ಕಡಿಮೆ ಗಾಳಿ ಬಂತು ಅಂದುಕೊಂಡು ಇಸಿಯು ಪೆಟ್ರೋಲೂ ಕಡಿಮೆ ಕೊಡುತ್ತದೆ. ಆಕ್ಸಿಜನ್ ಸೆನ್ಸರು ಒಂದು ಮಿತಿಯವರೆಗೆ ಇದನ್ನು ಸರಿಪಡಿಸುತ್ತದೆ. ಆ ಮಿತಿ ದಾಟಿದ್ದು ಗೊತ್ತಾಗುವುದು ಪೂರ್ತಿ ಬೂಸ್ಟಿನಲ್ಲಿ, ಎಂಜಿನ್ನಿಗೆ ಪೆಟ್ರೋಲು ಅತಿ ಹೆಚ್ಚು ಬೇಕಾದಾಗ. ಇದು ಬಾಯಿ ಬಿಡದ ತಪ್ಪು.

ಹಾಗಾಗಿ ಕೋನ್ ಬೇಕೇ ಬೇಕು ಅನ್ನುವವರು ಸೆನ್ಸರಿನ ಜಾಗದಲ್ಲಿ ಕಂಪನಿ ಅಳತೆಯೇ ಇರುವ ಕಿಟ್ ತೆಗೆದುಕೊಳ್ಳಿ. ಹಾಕಿದ ಮೇಲೆ ಇಸಿಯು ಮಾಹಿತಿ ಓದುವ ಒಂದು ಓಬಿಡಿ ರೀಡರ್ ಹಚ್ಚಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಸರಾಸರಿ ಎಷ್ಟು ತಿದ್ದುತ್ತಿದೆ ಅನ್ನುವುದನ್ನು ನೋಡಿ. ಮೊದಲು ಎಷ್ಟಿತ್ತು ಅಂತ ಬರೆದಿಟ್ಟುಕೊಂಡಿದ್ದರೆ ಹೋಲಿಸಬಹುದು. 10 ಶೇಕಡಾಕ್ಕಿಂತ ಮೇಲೆ ಹೋಗಿ ಅಲ್ಲೇ ನಿಂತರೆ ಏನೋ ಸರಿಯಿಲ್ಲ.

## ಚಿವ್ ಚಿವ್ ಸದ್ದಿನ ವಾಲ್ವ್

ಎಕ್ಸಲರೇಟರಿನಿಂದ ಕಾಲು ತೆಗೆದಾಗ ಥ್ರಾಟಲ್ ಮುಚ್ಚಿಕೊಳ್ಳುತ್ತದೆ. ಆದರೆ ಪೈಪಿನೊಳಗೆ ಒತ್ತಿದ ಗಾಳಿ ಇನ್ನೂ ಇರುತ್ತದೆ. ಅದನ್ನು ಬಿಡಲು ಒಂದು ವಾಲ್ವ್ ಬೇಕು. ಡೈವರ್ಟರ್ ವಾಲ್ವ್ ಆ ಗಾಳಿಯನ್ನು ಮತ್ತೆ ಟರ್ಬೋದ ಬಾಯಿಗೇ ಕಳಿಸುತ್ತದೆ. ಬ್ಲೋ ಆಫ್ ವಾಲ್ವ್ ಹೊರಗೆ ಊದಿಬಿಡುತ್ತದೆ. ಪವರ್ ಲೆಕ್ಕದಲ್ಲಿ ಎರಡೂ ಒಂದೇ, ಅಂದರೆ ಸೊನ್ನೆ. ಬದಲಾಗುವುದು ಸದ್ದು.

ಆರಿಸುವುದು ಸುಲಭ. ನಿಮ್ಮ ಕಾರಿನಲ್ಲಿ ಮ್ಯಾಫ್ ಸೆನ್ಸರ್ ಇದ್ದರೆ ಹೊರಗೆ ಊದುವ ವಾಲ್ವ್ ಬೇಡ. ಹೊರಗೆ ಹೋದ ಗಾಳಿಯನ್ನು ಸೆನ್ಸರು ಆಗಲೇ ಲೆಕ್ಕ ಹಾಕಿರುತ್ತದೆ. ಅದಕ್ಕೆ ತಕ್ಕ ಪೆಟ್ರೋಲು ಬೀಳುತ್ತದೆ, ಗಾಳಿ ಮಾತ್ರ ಇರುವುದಿಲ್ಲ. ಗೇರ್ ಬದಲಿಸುವಾಗ ಜಗ್ಗುವುದು, ಐಡಲ್‌ನಲ್ಲಿ ಆಫ್ ಆಗುವುದು, ಸೈಲೆನ್ಸರಿನಲ್ಲಿ ಟಪ್ ಅನ್ನುವುದು ಎಲ್ಲ ಇದರಿಂದಲೇ. ಮ್ಯಾನಿಫೋಲ್ಡಿನ ಒತ್ತಡ ನೋಡಿ ಲೆಕ್ಕ ಹಾಕುವ ಕಾರುಗಳಲ್ಲಿ ಈ ಗಲಾಟೆ ಕಡಿಮೆ. ಹಳೆಯ ವಾಲ್ವಿನ ರಬ್ಬರ್ ಪರದೆ ಹರಿದಿದ್ದರೆ ಪಿಸ್ಟನ್ ಮಾದರಿಯ ಡೈವರ್ಟರ್ ಹಾಕುವುದು ಒಳ್ಳೆಯದು. ಅದು ಮನೆಯಲ್ಲಿ ಖಂಡಿತ ಆಗುವ ಕೆಲಸ.

## ಇಂಟರ್‌ಕೂಲರ್: ಶ್ರಮಕ್ಕೆ ತಕ್ಕ ಫಲ ಸಿಗುವುದು ಇಲ್ಲೇ

ಮನೆಯಲ್ಲಿ ಒಂದೇ ಒಂದು ಪಾರ್ಟ್ ಹಾಕುವುದಾದರೆ ನಾನು ಇದನ್ನೇ ಹೇಳುತ್ತೇನೆ. ಕಂಪನಿ ಕೊಟ್ಟ ಸಣ್ಣ ಇಂಟರ್‌ಕೂಲರು ಒಂದೆರಡು ಸಲ ಜೋರಾಗಿ ಓಡಿಸಿದರೆ ತಾಳುತ್ತದೆ. ಮತ್ತೆ ಮತ್ತೆ ಓಡಿಸಿದರೆ ತಾನೇ ಕಾದು ಕೂರುತ್ತದೆ. ದೊಡ್ಡದು ಹಾಕಿ ಗಾಳಿಯ ಬಿಸಿಯನ್ನು 60 ಡಿಗ್ರಿಯಿಂದ 40ಕ್ಕೆ ಇಳಿಸಿದರೆ ಅದೇ ಒತ್ತಡದಲ್ಲಿ ಗಾಳಿ ಸುಮಾರು 6 ಶೇಕಡಾ ದಟ್ಟವಾಗುತ್ತದೆ. ಅದಕ್ಕಿಂತ ಮುಖ್ಯ, ನಾಕಿಂಗ್ ದೂರ ಹೋಗುತ್ತದೆ, ಇಸಿಯು ಟೈಮಿಂಗ್ ಹಿಂದೆ ಎಳೆಯುವುದಿಲ್ಲ. ಮೊದಲ ಸಲದ ಪಿಕಪ್ ಹೆಚ್ಚದೇ ಇರಬಹುದು. ಐದನೇ ಸಲವೂ ಮೊದಲ ಸಲದಷ್ಟೇ ಇರುತ್ತದೆ, ಲಾಭ ಅದು.

ಒಳಗಿನ ರಚನೆಯಲ್ಲಿ ಎರಡು ಬಗೆ. ಬಾರ್ ಆಂಡ್ ಪ್ಲೇಟ್ ತೂಕ ಜಾಸ್ತಿ, ಗಟ್ಟಿ. ಲೋಹ ಹೆಚ್ಚಿರುವುದರಿಂದ ಕಾಯಲು ಹೊತ್ತು ಹಿಡಿಯುತ್ತದೆ, ಒಮ್ಮೆ ಕಾದರೆ ಆರಲೂ ಹೊತ್ತು ಬೇಕು. ಟ್ಯೂಬ್ ಆಂಡ್ ಫಿನ್ ಹಗುರ. ಹೊರಗಿನ ಗಾಳಿ ಅದರ ಮೂಲಕ ಸಲೀಸಾಗಿ ಹಾದು ಹಿಂದಿರುವ ರೇಡಿಯೇಟರಿಗೂ ತಲುಪುತ್ತದೆ. ಊರೊಳಗೆ ಟ್ರಾಫಿಕ್ಕಿನಲ್ಲಿ ನಿಂತು, ಆಗಾಗ ಮಾತ್ರ ಜೋರಾಗಿ ಹೋಗುವವರಿಗೆ ಬಾರ್ ಆಂಡ್ ಪ್ಲೇಟ್ ಹೊಂದುತ್ತದೆ. ಹೆದ್ದಾರಿಯಲ್ಲಿ ಒಂದೇ ಸಮ ವೇಗದಲ್ಲಿ ಹೋಗುವವರಿಗೆ, ಈಗಾಗಲೇ ಎಂಜಿನ್ ಟೆಂಪರೇಚರ್ ಮೇಲಕ್ಕೆ ಹೋಗುವ ಕಾರಿನವರಿಗೆ ಟ್ಯೂಬ್ ಆಂಡ್ ಫಿನ್. ದೊಡ್ಡದಾದಷ್ಟೂ ಒಳ್ಳೆಯದು ಅಂತೇನಿಲ್ಲ. ಒಳಗಿನ ದಾರಿ ಇಕ್ಕಟ್ಟಾಗಿದ್ದರೆ ಒತ್ತಡ ಅಲ್ಲೇ ಬೀಳುತ್ತದೆ. ಅದನ್ನು ತುಂಬಿಕೊಡಲು ಟರ್ಬೋ ಇನ್ನೂ ಜೋರಾಗಿ ತಿರುಗಬೇಕಾಗುತ್ತದೆ.

ಜಾಗದ ವಿಷಯದಲ್ಲಿ ನನ್ನ ಒಲವು ಸ್ಪಷ್ಟ: ಕಂಪನಿ ಇಟ್ಟ ಜಾಗದಲ್ಲೇ ಕೂರುವ ದೊಡ್ಡ ಇಂಟರ್‌ಕೂಲರ್ ಸಿಗುತ್ತಿದ್ದರೆ ಅದನ್ನೇ ತೆಗೆದುಕೊಳ್ಳಿ. ಸುಬಾರು ಡಬ್ಲ್ಯುಆರ್‌ಎಕ್ಸ್ ಥರದ ಕಾರಿನಲ್ಲಿ ಎಂಜಿನ್ ಮೇಲಿರುವುದನ್ನು ತೆಗೆದು ಮುಂದೆ ಹಾಕುವುದೆಂದರೆ ಪೈಪುಗಳ ದಾರಿಯೇ ಹೊಸದು. ಜಾಯಿಂಟು ಹೆಚ್ಚು, ಲೀಕಿಗೆ ಅವಕಾಶ ಹೆಚ್ಚು. ಕೆಲವು ಕಿಟ್‌ಗಳಲ್ಲಿ ಬಂಪರಿನ ಹಿಂದಿರುವ ಕ್ರ್ಯಾಶ್ ಬೀಮನ್ನು ಕತ್ತರಿಸಿ ಅಂತ ಬರೆದಿರುತ್ತದೆ. ಅಂಥ ಕಿಟ್ ಬೇಡವೇ ಬೇಡ. ಡಿಕ್ಕಿ ಹೊಡೆದಾಗ ನಿಮ್ಮ ಕಾಲು ಉಳಿಸುವ ಕಬ್ಬಿಣ ಅದು. ನೀರಿನಿಂದ ತಂಪು ಮಾಡುವ ಇಂಟರ್‌ಕೂಲರಿನ ಕಾರುಗಳಲ್ಲಿ ಮುಂದಿನ ಸಣ್ಣ ರೇಡಿಯೇಟರನ್ನು ದೊಡ್ಡದು ಮಾಡುವುದೇ ಸುಲಭದ ದಾರಿ. ಆದರೆ ಆಮೇಲೆ ಆ ಸರ್ಕಿಟ್ಟಿನ ಗಾಳಿ ಪೂರ್ತಿ ತೆಗೆಯಬೇಕು.

ಕೆಲಸ ಹೇಗಿರುತ್ತದೆ? ಹೆಚ್ಚಿನ ಹೊತ್ತು ಹೋಗುವುದು ಬಂಪರ್ ಬಿಚ್ಚಲು. ಪ್ಲಾಸ್ಟಿಕ್ ಕ್ಲಿಪ್ಪುಗಳು ಮುರಿಯುತ್ತವೆ, ಹೊಸದು ಮೊದಲೇ ತಂದಿಟ್ಟುಕೊಳ್ಳಿ. ಬಂಪರ್ ಎಳೆಯುವ ಮೊದಲು ಫಾಗ್ ಲ್ಯಾಂಪ್, ಪಾರ್ಕಿಂಗ್ ಸೆನ್ಸರುಗಳ ಕನೆಕ್ಟರ್ ಬಿಚ್ಚಿ. ಮುಂದೆ ರೇಡಾರ್ ಇರುವ ಕಾರಾದರೆ ಅದನ್ನು ಅಲುಗಾಡಿಸಬೇಡಿ. ಕೋನ ಬದಲಾದರೆ ಮತ್ತೆ ಕ್ಯಾಲಿಬ್ರೇಟ್ ಮಾಡಿಸಬೇಕು, ಅದು ಮನೆಯಲ್ಲಿ ಆಗುವುದಲ್ಲ.

ಕ್ಲ್ಯಾಂಪುಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಮನೆಯಲ್ಲಿ ಹಾಕಿದ ಇಂಟರ್‌ಕೂಲರ್ ಕೈಕೊಡುವುದು ಅಲ್ಲೇ. ಸ್ಕ್ರೂ ತಿರುಗಿಸುವ ಸಾದಾ ಹೋಸ್ ಕ್ಲ್ಯಾಂಪ್ ಕಡಿಮೆ ಬೂಸ್ಟಿಗೆ ಆಗುತ್ತದೆ. ಅದರ ಪಟ್ಟಿಯಲ್ಲಿರುವ ಸೀಳುಗಳು ಸಿಲಿಕಾನ್ ಹೋಸನ್ನು ಕೊರೆಯುತ್ತವೆ. ಟಿ ಬೋಲ್ಟ್ ಕ್ಲ್ಯಾಂಪ್ ಸುತ್ತಲೂ ಸಮನಾಗಿ ಒತ್ತುತ್ತದೆ, ಹೆಚ್ಚು ಬೂಸ್ಟಿಗೆ ಅದೇ ಸರಿ. ಆದರೆ ಜೋಶಿನಲ್ಲಿ ಬಿಗಿದರೆ ತೆಳು ಅಲ್ಯೂಮಿನಿಯಂ ಪೈಪು ಚಪ್ಪಟೆಯಾಗುತ್ತದೆ. ಸ್ಪ್ರಿಂಗ್ ಇರುವ ಕ್ಲ್ಯಾಂಪು ಹೋಸು ಕಾದು ಆರಿದಾಗಲೂ ಒತ್ತಡ ಬಿಡುವುದಿಲ್ಲ. ಪೈಪಿನ ತುದಿಯಲ್ಲಿ ಉಬ್ಬಿದ ಅಂಚು ಇದೆಯಾ ನೋಡಿ. ಆ ಅಂಚಿಲ್ಲದ ನುಣುಪು ಪೈಪಿಗೆ ಯಾವ ಕ್ಲ್ಯಾಂಪ್ ಹಾಕಿದರೂ ಒಂದು ದಿನ ಜಾರುತ್ತದೆ. ಜೋಡಿಸುವ ಮೊದಲು ಪೈಪು, ಹೋಸಿನ ಒಳಮೈ ಎರಡನ್ನೂ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಟರ್ಬೋ ಪೈಪಿನಲ್ಲಿ ಸಣ್ಣಗೆ ಆಯಿಲ್ ಪಸೆ ಇದ್ದೇ ಇರುತ್ತದೆ. ಹಳೆಯ ಮೆಕ್ಯಾನಿಕ್ಕುಗಳು ಇಲ್ಲಿ ಹೇರ್‌ಸ್ಪ್ರೇ ಹೊಡೆಯುತ್ತಾರೆ. ಹಸಿಯಾಗಿದ್ದಾಗ ಹೋಸು ಸಲೀಸಾಗಿ ಜಾರುತ್ತದೆ, ಒಣಗಿದ ಮೇಲೆ ಹಿಡಿದುಕೊಳ್ಳುತ್ತದೆ. ನಗು ಬರಬಹುದು, ಆದರೆ ಕೆಲಸ ಮಾಡುತ್ತದೆ.

ಎಲ್ಲ ಆದ ಮೇಲೆ ಲೀಕ್ ಟೆಸ್ಟ್. ಟರ್ಬೋ ಗಾಳಿ ಎಳೆಯುವ ಬಾಯಿಗೆ ಒಂದು ಮುಚ್ಚಳ ಮಾಡಿ, ಅದಕ್ಕೆ ಟೈರಿನ ವಾಲ್ವ್ ಕೂರಿಸಿ, ಮೀಟರ್ ಇರುವ ಪಂಪಿನಿಂದ ನಿಧಾನ ಗಾಳಿ ಹಾಕಿ. ಎಂಜಿನ್ ಆಫ್ ಇರಬೇಕು. 0.7 ಬಾರ್ ಸಾಕು, ಅಂದರೆ 10 ಪಿಎಸ್‌ಐ. ಆಯಿಲ್ ತುಂಬುವ ಮುಚ್ಚಳ ಸಡಿಲಿಸಿಡಿ, ಇಲ್ಲದಿದ್ದರೆ ಕ್ರ್ಯಾಂಕ್‌ಕೇಸಿನೊಳಗೆ ಒತ್ತಡ ಸೇರಿ ಆಯಿಲ್ ಸೀಲಿಗೆ ಪೆಟ್ಟಾಗಬಹುದು. ಜಾಯಿಂಟುಗಳ ಮೇಲೆ ಸೋಪಿನ ನೀರು ಹೊಡೆಯಿರಿ, ಗುಳ್ಳೆ ಬಂದಲ್ಲಿ ಲೀಕು. ಈ ಪರೀಕ್ಷೆ ಮಾಡದೆ ರಸ್ತೆಗಿಳಿದು ಪಿ0299 ಅನ್ನುವ ಬೂಸ್ಟ್ ಕಡಿಮೆ ಕೋಡ್ ಬಂತೆಂದು ತಲೆ ಕೆಡಿಸಿಕೊಳ್ಳುವವರೇ ಜಾಸ್ತಿ.

## ಡೌನ್‌ಪೈಪ್ ಮತ್ತು ಸೈಲೆನ್ಸರ್

ಸೈಲೆನ್ಸರಿನ ಹಿಂಭಾಗ, ಅಂದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಆಚೆಗಿನ ಭಾಗ ಬದಲಿಸುವುದು ಮನೆಯಲ್ಲಿ ಆಗುತ್ತದೆ. ರಬ್ಬರ್ ಹ್ಯಾಂಗರಿಗೆ ಸೋಪಿನ ನೀರು ಹಚ್ಚಿದರೆ ಅರ್ಧ ಕೆಲಸ ಮುಗಿದ ಹಾಗೆ. ಟರ್ಬೋ ಕಾರಿನಲ್ಲಿ ಇದರಿಂದ ಸಿಗುವುದು ಮುಖ್ಯವಾಗಿ ಸದ್ದು. ಸದ್ದು ಬೇಕಾದರೆ ಹಾಕಿ, ಪಿಕಪ್ ಬೇಕಾದರೆ ಆ ಹಣ ಇಂಟರ್‌ಕೂಲರಿಗೆ ಹೋಗಲಿ.

ಟರ್ಬೋದಿಂದ ನೇರ ಹೊರಡುವ ಡೌನ್‌ಪೈಪ್ ಬೇರೆ ಕಥೆ. ಟರ್ಬೈನಿನ ಹಿಂದೆ ತಡೆ ಕಡಿಮೆಯಾದರೆ ಟರ್ಬೋ ಬೇಗ ಎದ್ದೇಳುತ್ತದೆ. ಟ್ಯೂನ್ ಜೊತೆ ಸೇರಿದರೆ ಪವರ್ ನಿಜವಾಗಿಯೂ ಏರುತ್ತದೆ. ಆದರೆ ಇದನ್ನು ಮನೆಯಲ್ಲಿ ಬಿಚ್ಚುವವರಿಗೆ ಮೂರು ಕಂಟಕ.

ಒಂದು, ನಟ್ಟು ಬೋಲ್ಟು. ಪೆಟ್ರೋಲ್ ಟರ್ಬೈನಿನ ಒಳಗೆ ಹೊಗೆಯ ಬಿಸಿ 900 ಡಿಗ್ರಿ ಮುಟ್ಟುವುದುಂಟು. ವರ್ಷಗಟ್ಟಲೆ ಕಾದು ಆರಿದ ಸ್ಟಡ್ಡು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಎಳೆದಾಗ ಬರದಿದ್ದರೆ ಸ್ವಲ್ಪ ಬಿಗಿ ಮಾಡಿ ಮತ್ತೆ ಸಡಿಲಿಸಿ, ಹಿಂದೆ ಮುಂದೆ ಆಡಿಸಿ. ಸ್ಟಡ್ ಮುರಿದರೆ ಡ್ರಿಲ್ ಮಾಡಿ ತೆಗೆಯಬೇಕು, ಆಗ ಕಾರು ಅಲ್ಲಿಂದ ಕದಲುವುದಿಲ್ಲ. ಗ್ಯಾಸ್ಕೆಟ್, ನಟ್ಟು ಹೊಸದೇ ಹಾಕಿ.

ಎರಡು, ಆಕ್ಸಿಜನ್ ಸೆನ್ಸರ್. ಇದಕ್ಕೆ ಸಾಮಾನ್ಯವಾಗಿ 22 ಮಿಲಿಮೀಟರ್ ಪಾನಾ ಬೇಕು. ವೈರ್ ಹೋಗಲು ಸೀಳಿರುವ ಸಾಕೆಟ್ ಇದ್ದರೆ ಇನ್ನೂ ಒಳ್ಳೆಯದು. ಕನೆಕ್ಟರ್ ಮೊದಲು ಬಿಚ್ಚಿ, ಇಲ್ಲದಿದ್ದರೆ ವೈರ್ ತಿರುಚಿಕೊಳ್ಳುತ್ತದೆ. ಜಾಮ್ ಆಗದಂತೆ ಹಚ್ಚುವ ಪೇಸ್ಟು ಥ್ರೆಡ್ಡಿಗೆ ಮಾತ್ರ, ತುದಿಗೆ ತಾಗಬಾರದು. ಸೆನ್ಸರಿಗಿಂತ ಮುಂಚಿನ ಜಾಯಿಂಟಿನಲ್ಲಿ ಲೀಕ್ ಉಳಿದರೆ ಹೊರಗಿನ ಗಾಳಿ ಒಳಗೆ ಸೇರಿ ಸೆನ್ಸರ್ ಓದುವುದೇ ತಪ್ಪಾಗುತ್ತದೆ. ಆ ಲೀಕಿನಿಂದ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ. ಅದಕ್ಕೆ ವಾಸನೆ ಇಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಶುರು ಮಾಡಲೇಬೇಡಿ.

ಮೂರು, ಕನ್ವರ್ಟರ್. ಕೆಲವು ಡೌನ್‌ಪೈಪಿನಲ್ಲಿ ಅದು ಇರುವುದೇ ಇಲ್ಲ. ಕೆಲವುಗಳಲ್ಲಿ ಹೊಗೆಯನ್ನು ಸಲೀಸಾಗಿ ಬಿಡುವ ಹೈ ಫ್ಲೋ ಕನ್ವರ್ಟರ್ ಇರುತ್ತದೆ. ಕಂಪನಿಯ ಕನ್ವರ್ಟರಿನಲ್ಲಿ ಚದರ ಇಂಚಿಗೆ 400ರಿಂದ 600 ತೂತುಗಳಿದ್ದರೆ ಹೈ ಫ್ಲೋ ಬಗೆಯಲ್ಲಿ ಹೆಚ್ಚಾಗಿ 200ರಿಂದ 300. ಕನ್ವರ್ಟರ್ ಇಲ್ಲದ್ದು ಬೇಡ ಅನ್ನುವುದು ನನ್ನ ಮಾತು. ಬಹುತೇಕ ದೇಶಗಳಲ್ಲಿ ರಸ್ತೆಯ ಕಾರಿಗೆ ಅದು ಕಾನೂನುಬಾಹಿರ. ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಕೋಡ್ ಬಂದು ಲೈಟ್ ಸದಾ ಉರಿಯುತ್ತಿದ್ದರೆ ನಿಜವಾದ ತೊಂದರೆ ಬಂದಾಗ ಗೊತ್ತಾಗುವುದೂ ಇಲ್ಲ. ಜೊತೆಗೆ, ಹೊಗೆ ಅತಿ ಸಲೀಸಾಗಿ ಹೋದರೆ ಸಣ್ಣ ವೇಸ್ಟ್‌ಗೇಟ್ ಸಾಕಾಗದೆ ಆರ್‌ಪಿಎಂ ಏರಿದ ಹಾಗೆ ಬೂಸ್ಟ್ ತಾನಾಗಿ ಏರುತ್ತಾ ಹೋಗುವುದುಂಟು. ಹೈ ಫ್ಲೋ ಬಗೆ ಹಾಕಿದರೂ ನಿಮ್ಮಲ್ಲಿ ಅದಕ್ಕೆ ಅನುಮತಿ ಇದೆಯಾ ಅಂತ ಮೊದಲು ವಿಚಾರಿಸಿ.

ಇಷ್ಟೆಲ್ಲ ಆಗುವುದು ಕಾರಿನ ಕೆಳಗೆ. ಜಾಕ್ ಮೇಲೆ ಮಾತ್ರ ನಿಂತ ಕಾರಿನಡಿ ತಲೆ ಹಾಕಬೇಡಿ. ಗಟ್ಟಿ ನೆಲ, ಸ್ಟ್ಯಾಂಡು, ಚಕ್ರಕ್ಕೆ ಅಡ್ಡಗಟ್ಟೆ. ಇವು ಇಲ್ಲದಿದ್ದರೆ ಡೌನ್‌ಪೈಪ್ ಮನೆಯ ಕೆಲಸವೇ ಅಲ್ಲ.

## ಸ್ಪಾರ್ಕ್ ಪ್ಲಗ್

ಬೂಸ್ಟ್ ಏರಿಸುವ ಯೋಚನೆ ಇದ್ದರೆ ಪ್ಲಗ್ ಮೊದಲು ನೋಡಿ. ಸಿಲಿಂಡರಿನಲ್ಲಿ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ, ಹಾಗಾಗಿ ಗ್ಯಾಪ್ ಸಣ್ಣದು ಮಾಡುತ್ತಾರೆ. 0.8 ಮಿಲಿಮೀಟರ್ ಇದ್ದದ್ದನ್ನು 0.6ರ ಹತ್ತಿರ ತರುವುದು ಸಾಮಾನ್ಯ. ಟ್ಯೂನ್ ಮಾಡಿದವರು ಹೇಳಿದ ಗ್ಯಾಪೇ ಕೊನೆಯ ಮಾತು. ಒಂದು ಹಂತ ತಣ್ಣಗಿನ, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವ ಪ್ಲಗ್ ಹಾಕಿ ಅಂತಲೂ ಅವರು ಹೇಳಬಹುದು. ಇಲ್ಲಿ ಒಂದು ಮೋಜಿನ ತೊಡಕಿದೆ. ಎನ್‌ಜಿಕೆ ಪ್ಲಗ್ಗಿನಲ್ಲಿ ನಂಬರ್ ದೊಡ್ಡದಾದರೆ ತಣ್ಣಗಿನದು. ಬಾಷ್‌ನಲ್ಲಿ ನಂಬರ್ ದೊಡ್ಡದಾದರೆ ಬಿಸಿಯದು. ನಂಬರ್ ಮಾತ್ರ ನೋಡಿ ಒಂದರ ಬದಲು ಇನ್ನೊಂದು ತಂದರೆ ಪೂರ್ತಿ ಉಲ್ಟಾ.

ಗ್ಯಾಪ್ ದೊಡ್ಡದಾಗಿ ಉಳಿದರೆ ಪೂರ್ತಿ ಬೂಸ್ಟಿನಲ್ಲಿ ಕಾರು ಕುಕ್ಕುತ್ತದೆ, ಅಂದರೆ ತಪ್ಪು ಕೂಗಿ ಹೇಳುತ್ತದೆ. ಬಿಸಿ ಪ್ಲಗ್ ಹಾಕಿದರೆ ಏನೂ ಹೇಳುವುದಿಲ್ಲ. ಎಂಜಿನ್ ತಣ್ಣಗಿದ್ದಾಗ ಬಿಚ್ಚಿ, ಹೊಸದನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಟಾರ್ಕ್ ರೆಂಚಿನಿಂದ ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಹೋದರೆ ಹತ್ತು ನಿಮಿಷದ ಕೆಲಸ ಹತ್ತು ದಿನಕ್ಕೆ ಹೋಗುತ್ತದೆ.

## ಟ್ಯೂನ್: ಪಿಗ್ಗಿಬ್ಯಾಕೋ, ಫ್ಲಾಶೋ?

ಪವರ್ ನಿಜವಾಗಿ ಇರುವುದು ಇಲ್ಲಿ. ಬೇರೆಲ್ಲ ಪಾರ್ಟುಗಳೂ ಟ್ಯೂನಿಗೆ ದಾರಿ ಮಾಡಿಕೊಡುವಂಥವು. ಲ್ಯಾಪ್‌ಟಾಪ್ ಮತ್ತು ಒಂದು ಕೇಬಲ್ ಇದ್ದರೆ ಸ್ಪ್ಯಾನರ್ ಮುಟ್ಟದೆ ಮುಗಿಯುವ ಕೆಲಸ. ಬಾಯಿ ಬಿಡದ ತಪ್ಪುಗಳು ಅತಿ ಹೆಚ್ಚು ಇರುವುದೂ ಇಲ್ಲೇ.

ಪಿಗ್ಗಿಬ್ಯಾಕ್ ಅಂದರೆ ಬೂಸ್ಟ್ ಸೆನ್ಸರ್ ಮತ್ತು ಇಸಿಯು ನಡುವೆ ಕೂರುವ ಸಣ್ಣ ಪೆಟ್ಟಿಗೆ. ತಕ್ಕಡಿಯ ತಟ್ಟೆಗೆ ಕೈ ಕೊಟ್ಟು ತೂಕ ಕಡಿಮೆ ತೋರಿಸುವ ಹಾಗೆ, ಇದು ನಿಜವಾದ ಒತ್ತಡಕ್ಕಿಂತ ಕಡಿಮೆ ತೋರಿಸುತ್ತದೆ. ಬೂಸ್ಟ್ ಸಾಲದು ಅಂದುಕೊಂಡು ಇಸಿಯು ಇನ್ನಷ್ಟು ಕೊಡುತ್ತದೆ. ಹಾಕಲು ಸುಲಭ, ತೆಗೆಯಲೂ ಸುಲಭ. ಆದರೆ ಸಾದಾ ಪೆಟ್ಟಿಗೆಗಳು ಟೈಮಿಂಗನ್ನು ಮುಟ್ಟುವುದಿಲ್ಲ. ನಾಕ್ ಸೆನ್ಸರ್ ಮತ್ತು ಫ್ಯೂಯಲ್ ಟ್ರಿಮ್ ಹೇಗೋ ಸುಧಾರಿಸಿಕೊಳ್ಳಲಿ ಅನ್ನುವ ಲೆಕ್ಕ ಅದರದು. ಕಡಿಮೆ ಮಟ್ಟದಲ್ಲಿ ಇಟ್ಟರೆ ಅದು ನಡೆಯುತ್ತದೆ. ಮೇಲಿನ ಸೆಟ್ಟಿಂಗಿನಲ್ಲಿ ಎಂಜಿನ್ನಿನ ರಕ್ಷಣೆಗೆ ಇಟ್ಟ ಅಂತರವನ್ನೇ ತಿನ್ನುತ್ತಿರುತ್ತೀರಿ.

ಫ್ಲಾಶ್ ಟ್ಯೂನ್‌ನಲ್ಲಿ ಇಸಿಯು ಒಳಗಿನ ಲೆಕ್ಕವೇ ಬದಲಾಗುತ್ತದೆ. ಬೂಸ್ಟ್, ಟೈಮಿಂಗ್, ಪೆಟ್ರೋಲು, ಟಾರ್ಕ್ ಮಿತಿ ಎಲ್ಲ ಒಟ್ಟಿಗೆ ಹೊಂದಿಕೊಂಡು ಏರುತ್ತವೆ. ಚೆನ್ನಾಗಿ ಮಾಡಿದ್ದಾದರೆ ಓಡಿಸಲು ಕಂಪನಿ ಕಾರಿನಷ್ಟೇ ನಯ. ನಾನಾದರೆ ಇದನ್ನೇ ಆರಿಸುತ್ತೇನೆ, ಒಂದು ಷರತ್ತಿನ ಮೇಲೆ: ಫೈಲ್ ಕೊಟ್ಟವರು ನಿಮ್ಮ ಕಾರಿನ ಲಾಗ್, ಅಂದರೆ ಓಡುವಾಗ ಸೆನ್ಸರುಗಳು ಓದಿದ್ದರ ದಾಖಲೆ, ನೋಡಿ ತಿದ್ದಿಕೊಡಬೇಕು. ಎಲ್ಲ ಕಾರಿಗೂ ಒಂದೇ ಅಂತ ಸಿಗುವ ಸಿದ್ಧ ಫೈಲುಗಳಲ್ಲೂ ಒಳ್ಳೆಯವಿವೆ. ಆದರೆ ಅವು ಒಂದು ನಿರ್ದಿಷ್ಟ ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಪೆಟ್ರೋಲಿಗೆ ಬರೆದಂಥವು. ನಿಮಗೆ ಸಿಗುವ ಪೆಟ್ರೋಲು ಅದಕ್ಕಿಂತ ಕೆಳಗಿನದಾದರೆ ಆ ಫೈಲು ನಿಮಗಲ್ಲ.

ಪೆಟ್ರೋಲಿಗೂ ಬೂಸ್ಟಿಗೂ ಇರುವ ಈ ಜಗಳ ಹೊಸದೇನಲ್ಲ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಅನ್ನುವ ಟರ್ಬೋ ಕಾರು ತಂದಿತು. ನಾಕಿಂಗ್ ತಡೆಯಲು ನೀರು, ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಸಿಂಪಡಿಸುವ ಏರ್ಪಾಡು ಅದರಲ್ಲಿತ್ತು. ಆ ತೊಟ್ಟಿಯನ್ನು ಮಾಲೀಕರೇ ತುಂಬಬೇಕಿತ್ತು. ಬಹಳ ಜನ ತುಂಬಲಿಲ್ಲ. ದ್ರವ ಮುಗಿದರೆ ಬೂಸ್ಟ್ ಕಡಿಮೆಯಾಗುವ ಹಾಗೆ ಕಂಪನಿ ಮೊದಲೇ ಮಾಡಿತ್ತು, ಅದು ಅವರ ಜಾಣತನ. ಈಗ ಆ ಕೆಲಸ ನಾಕ್ ಸೆನ್ಸರಿನದು. ಅದನ್ನು ಮಂಕು ಮಾಡಿದ ಟ್ಯೂನ್ ಯಾರಾದರೂ ಕೊಟ್ಟರೆ ಹಾಗೇ ವಾಪಸ್ ಕೊಡಿ.

ಮನೆಯಲ್ಲಿ ಫ್ಲಾಶ್ ಮಾಡುವಾಗ ಬ್ಯಾಟರಿಗೆ ಒಳ್ಳೆಯ ಚಾರ್ಜರ್ ಅಥವಾ ಪವರ್ ಸಪ್ಲೈ ಹಚ್ಚಿಡಿ. ನಡುವೆ ವೋಲ್ಟೇಜ್ ಬಿದ್ದರೆ ಇಸಿಯು ಅರ್ಧ ಬರೆದ ಸ್ಥಿತಿಯಲ್ಲಿ ನಿಂತುಬಿಡಬಹುದು. ಕಂಪನಿ ಫೈಲ್ ಎರಡು ಕಡೆ ಉಳಿಸಿಕೊಳ್ಳಿ. ಸರ್ವಿಸಿಗೆ ಬಿಟ್ಟಾಗ ಅವರು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ನಿಮ್ಮ ಟ್ಯೂನ್ ಹೋಗುತ್ತದೆ. ಪಿಗ್ಗಿಬ್ಯಾಕ್ ಹಾಕಿದರೆ ವಾರಂಟಿಗೆ ಗೊತ್ತಾಗಲ್ಲ ಅಂತ ಹೇಳಿ ಮಾರುವುದುಂಟು, ಅದನ್ನು ನಂಬಿಕೊಂಡು ಹಾಕಬೇಡಿ. ಇಸಿಯು ತನ್ನ ದಾಖಲೆಯಲ್ಲಿ ಕೋಡುಗಳನ್ನು ಇಟ್ಟುಕೊಳ್ಳುತ್ತದೆ. ಇನ್ಶೂರೆನ್ಸಿನವರಿಗೂ ಹೇಳಿಯೇ ಹಾಕಿ.

ಮೂರನೆಯ ದಾರಿಯೂ ಇದೆ, ವೇಸ್ಟ್‌ಗೇಟಿನ ಪೈಪಿಗೆ ಹಾಕುವ ಕೈಯಲ್ಲಿ ತಿರುಗಿಸುವ ಬೂಸ್ಟ್ ಕಂಟ್ರೋಲರ್. ಹಳೆಯ, ಸರಳ ಟರ್ಬೋ ಕಾರುಗಳ ಕಾಲದ್ದು. ಈಗಿನ ಕಾರಿಗೆ ಹಾಕಿದರೆ ಇಸಿಯು ಗುರಿಗಿಂತ ಬೂಸ್ಟ್ ಹೆಚ್ಚು ಕಂಡು ಪಿ0234 ಕೋಡ್ ಕೊಟ್ಟು, ರಕ್ಷಣೆಗಾಗಿ ಪವರ್ ಕಡಿತ ಮಾಡುವ ಲಿಂಪ್ ಮೋಡಿಗೆ ಹೋಗುತ್ತದೆ. ಅದರ ಬಗ್ಗೆ ಇಷ್ಟು ಸಾಕು.

ಟ್ಯೂನ್ ಆದ ಮೇಲೆ ಲಾಗ್ ಮಾಡಿ. ಕೇಳಿದ ಬೂಸ್ಟ್ ಎಷ್ಟು, ಬಂದದ್ದು ಎಷ್ಟು, ಯಾವ ಸಿಲಿಂಡರಿನಲ್ಲಿ ಟೈಮಿಂಗ್ ಎಷ್ಟು ಹಿಂದೆ ಬಂತು, ಒಳಗೆ ಹೋಗುವ ಗಾಳಿಯ ಬಿಸಿ ಎಷ್ಟು, ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ಎಷ್ಟು. ಇದನ್ನು ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೆ ಅಥವಾ ಮುಚ್ಚಿದ ಟ್ರ್ಯಾಕಿನಲ್ಲಿ ಮಾಡಿ. ರಸ್ತೆಯಲ್ಲಿ ಲ್ಯಾಪ್‌ಟಾಪ್ ನೋಡುತ್ತಾ ಓಡಿಸುವುದು ಹುಚ್ಚುತನ. ಬಾಯಿ ಬಿಡದ ತಪ್ಪನ್ನು ಮಾತಾಡಿಸುವ ದಾರಿ ಈ ಲಾಗ್ ಒಂದೇ. ಅದನ್ನು ಓದಲು ಬರದಿದ್ದರೆ, ಕಲಿಯುವ ಮನಸ್ಸೂ ಇಲ್ಲದಿದ್ದರೆ, ಟ್ಯೂನನ್ನು ಡೈನೋ ಇರುವ ಕಡೆಯೇ ಮಾಡಿಸಿ.

ಆಯಿಲ್ ಬಗ್ಗೆಯೂ ಒಂದು ಮಾತು. ನೇರ ಇಂಜೆಕ್ಷನ್ ಇರುವ, ಅಂದರೆ ಪೆಟ್ರೋಲನ್ನು ಸಿಲಿಂಡರಿನೊಳಗೇ ಸಿಂಪಡಿಸುವ ಸಣ್ಣ ಟರ್ಬೋ ಎಂಜಿನ್ನಿನಲ್ಲಿ ಕಡಿಮೆ ಆರ್‌ಪಿಎಂ, ಮೇಲಿನ ಗೇರ್, ಪೂರ್ತಿ ಎಕ್ಸಲರೇಟರ್ ಸೇರಿದರೆ ಕಿಡಿಗೂ ಮುಂಚೆ ಉರಿ ಹತ್ತಿಕೊಳ್ಳುವ ಅಪಾಯವಿದೆ. ಟ್ಯೂನ್ ಆದ ಮೇಲೆ ಅದು ಇನ್ನೂ ಜೋರು. ಆಯಿಲ್ ಇದನ್ನು ತಡೆಯುತ್ತದಾ ಅಂತ ನೋಡುವ ಪರೀಕ್ಷೆ ಸೇರಿದ್ದು 2018ರ ಎಪಿಐ ಎಸ್‌ಎನ್ ಪ್ಲಸ್, 2020ರ ಎಪಿಐ ಎಸ್‌ಪಿ ಅನ್ನುವ ಆಯಿಲ್ ದರ್ಜೆಗಳಲ್ಲಿ. ಕಾರಿನ ಕಂಪನಿ ಹೇಳಿದ ಆಯಿಲ್‌ಗಳಲ್ಲಿ ಎಸ್‌ಪಿ ಅಥವಾ ಅದಕ್ಕಿಂತ ಹೊಸ ದರ್ಜೆ ಇರುವುದನ್ನೇ ಆರಿಸಿ. ಕೆಳಗಿನ ಗೇರಿಗೆ ಇಳಿಸಿ ಆಮೇಲೆ ಒತ್ತಿ.

## ಪವರ್ ಏರಿದ ಮೇಲೆ ಹೊರುವವರು

ಟಾರ್ಕ್ ಏರಿಸುವ ಮೊದಲು ಗೇರ್‌ಬಾಕ್ಸ್ ಎಷ್ಟು ತಡೆಯುತ್ತದೆ ನೋಡಿ. ಉದಾಹರಣೆಗೆ ಫೋಕ್ಸ್‌ವ್ಯಾಗನ್ ಗುಂಪಿನ ಏಳು ಗೇರಿನ ಒಣ ಕ್ಲಚ್ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಅಂದರೆ ಡಿಕ್ಯೂ200, ಮಾಡಿರುವುದೇ 250 ನ್ಯೂಟನ್ ಮೀಟರಿಗೆ. ಆರು ಗೇರಿನ, ಆಯಿಲ್‌ನಲ್ಲಿ ಮುಳುಗಿದ ಕ್ಲಚ್ಚಿನ ಡಿಕ್ಯೂ250ಕ್ಕೆ 350. ಒಂದೇ ಬಗೆಯ ಟ್ಯೂನ್ ಎರಡಕ್ಕೂ ಹೊಂದುವುದಿಲ್ಲ ಅನ್ನುವುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಮ್ಯಾನುಯಲ್ ಗೇರಿನ ಕಾರಿನಲ್ಲಿ ಕ್ಲಚ್ ಜಾರಿದರೆ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಕೂಗಿಯೇ ಹೇಳುತ್ತದೆ. ಆದರೆ ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಅದು ಮನೆಯಲ್ಲಿ ಒಬ್ಬರೇ ಮಾಡುವ ಕೆಲಸವಲ್ಲ.

ಬ್ರೇಕಿನಲ್ಲಿ ದೊಡ್ಡ ಡಿಸ್ಕ್ ಕಿಟ್ಟಿಗಿಂತ ಮೊದಲು ಒಳ್ಳೆಯ ಪ್ಯಾಡು, ಹೊಸ ಫ್ಲೂಯಿಡ್ ಸಾಕು. ಡಾಟ್ 3 ಫ್ಲೂಯಿಡ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 205 ಡಿಗ್ರಿಗೆ, ಡಾಟ್ 4 ಕನಿಷ್ಠ 230ಕ್ಕೆ, ಡಾಟ್ 5.1 ಕನಿಷ್ಠ 260ಕ್ಕೆ. ತೇವ ಹೀರಿದ ಮೇಲೆ ಡಾಟ್ 4 155ಕ್ಕೇ ಕುದಿಯಬಹುದು. ಡಾಟ್ 5 ಮಾತ್ರ ಸಿಲಿಕಾನ್ ಬಗೆಯದು, ಇವುಗಳ ಜೊತೆ ಬೆರೆಸಬಾರದು. ಗಾಳಿ ಉಳಿದರೆ ಪೆಡಲ್ ಮೆತ್ತಗಾಗುತ್ತದೆ. ಕಾರು ಅಲುಗಾಡುವ ಮೊದಲೇ ನಿಂತಲ್ಲಿ ಒತ್ತಿ ನೋಡಿ.

ಕ್ಯಾಚ್ ಕ್ಯಾನ್ ಬಗ್ಗೆ ಕೇಳುವವರು ಬಹಳ. ಎಂಜಿನ್ ಉಸಿರಾಟದ ಆಯಿಲ್ ಹನಿಗಳನ್ನು ಹಿಡಿಯುವ ಡಬ್ಬ ಅದು. ನೇರ ಇಂಜೆಕ್ಷನ್ ಎಂಜಿನ್ನಿನಲ್ಲಿ ವಾಲ್ವ್ ಮೇಲೆ ಕಾರ್ಬನ್ ಕೂರುವುದನ್ನು ತಡ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಆಗಾಗ ಖಾಲಿ ಮಾಡುವ ಶಿಸ್ತು ನಿಮಗಿದ್ದರೆ ಹಾಕಿ. ಚಳಿ ಪ್ರದೇಶದಲ್ಲಿ ಅದರೊಳಗಿನ ನೀರು ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಒತ್ತಡ ಆಯಿಲ್ ಸೀಲಿನ ಮೇಲೆ ಬೀಳುತ್ತದೆ.

ಇನ್ನು ದೊಡ್ಡ ಟರ್ಬೋ. ಬೋಲ್ಟ್ ಹಾಕಿ ಕೂರಿಸಿದರಾಯಿತು ಅನ್ನುವ ಕಿಟ್‌ಗಳು ಸಿಗುತ್ತವೆ. ಅದರ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತ ಜಾಸ್ತಿ ತಿರುಗುತ್ತದೆ, ತೆಳುವಾದ ಆಯಿಲ್ ಪದರದ ಮೇಲೆ ತೇಲಿಕೊಂಡು. ಆಯಿಲ್ ಬರುವ ಪೈಪಿನಲ್ಲಿ ಒಂದು ಚೂರು ಸೀಲೆಂಟ್ ಸಿಕ್ಕಿಕೊಂಡರೆ, ವಾಪಸ್ ಹೋಗುವ ಪೈಪು ಸ್ವಲ್ಪ ಮಡಿಸಿದರೆ, ಮೊದಲ ದಿನ ಏನೂ ತಿಳಿಯದೆ ಕೆಲವು ವಾರಗಳಲ್ಲಿ ಬೇರಿಂಗ್ ಹೋಗಬಹುದು. ಇಂಜೆಕ್ಟರ್, ಪೆಟ್ರೋಲ್ ಪಂಪ್, ಕ್ಲಚ್, ಹೊಸ ಟ್ಯೂನ್ ಎಲ್ಲ ಜೊತೆಗೇ ಬೇಕು. ಇದನ್ನು ಗ್ಯಾರೇಜಿಗೆ ಕೊಡಿ. ಹಳೆಯ ಟರ್ಬೋ ಕೆಟ್ಟು ಕಂಪನಿಯದೇ ಇನ್ನೊಂದನ್ನು ಮನೆಯಲ್ಲಿ ಹಾಕುತ್ತಿದ್ದರೆ ಆಯಿಲ್ ಪೈಪು, ವಾಷರು, ಫಿಲ್ಟರ್, ಆಯಿಲ್ ಎಲ್ಲ ಹೊಸದು ಹಾಕಿ. ಟರ್ಬೋದ ಆಯಿಲ್ ತೂತಿಗೆ ಆಯಿಲ್ ಸುರಿದು ಕೈಯಲ್ಲಿ ತಿರುಗಿಸಿ. ಇಂಟರ್‌ಕೂಲರ್ ಬಿಚ್ಚಿ ಒಳಗೆ ಉಳಿದ ಆಯಿಲ್, ಲೋಹದ ಚೂರು ತೊಳೆದು ತೆಗೆಯಿರಿ. ಎಂಜಿನ್ನಿಗೆ ಉರಿ ಹತ್ತದಂತೆ ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು ಸ್ಟಾರ್ಟರ್ ತಿರುಗಿಸಿ ಆಯಿಲ್ ಒತ್ತಡ ಬರಿಸಿ. ಆಮೇಲೆ ಫ್ಯೂಸ್ ಹಾಕಿ ಶುರು ಮಾಡಿ, ಕೆಲವು ನಿಮಿಷ ಐಡಲ್‌ನಲ್ಲೇ ಬಿಟ್ಟು ಪೈಪಿನ ಜಾಯಿಂಟುಗಳಲ್ಲಿ ಆಯಿಲ್ ಜಿನುಗುತ್ತಿದೆಯಾ ಅಂತ ಟಾರ್ಚ್ ಹಿಡಿದು ನೋಡಿ.